ಕೆಡ್ಡಸದ ಮಳೆ

ಅಮ್ಮಾ,

ಕೇಳಿ ನೀನು ನಗಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಈ ಸಲವೂ ಕೆಡ್ಡಸಕ್ಕೆ ಮಳೆ ಬಂತು. ಭೂಮಿತಾಯಿ ಮುಟ್ಟಾಗಿ ಮಲಗುವ ಮೂರು ದಿನ, ಯಾರೂ ಮಣ್ಣಿಗೆ ಹಾರೆ ಹಾಕಬಾರದ ದಿನ, ಮಳೆಗಾಲದ ಆಟಿ ತಿಂಗಳ ಹಾಗೆ ಸುರಿಯಿತು. ಸೆಕೆ ಶುರುವಾಗಬೇಕಾದ ಹೊತ್ತಿನಲ್ಲಿ ಮಣ್ಣಗುಡ್ಡದ ಹಿತ್ತಿಲುಗಳೆಲ್ಲ ಕೆರೆಯಾದವು.

ನಿನ್ನ ಕಾಲದ ಆ ಕೆಡ್ಡಸದ ಮಳೆ ನೆನಪಿದೆಯೇ? ಮೊಗ್ಗು ಹಿಡಿದ ಮಲ್ಲಿಗೆ ಗಿಡಗಳ ಬುಡದಲ್ಲಿ ನೀರು ನಿಂತಿತ್ತು. ನೀನು ಸೆರಗು ಸಿಕ್ಕಿಸಿಕೊಂಡು ರಸ್ತೆಯ ತೋಡಿನವರೆಗೆ ಒಂದು ಕಣಿ ಅಗೆದೆ. ನೀರು ಹರಿದುಹೋಯಿತು, ಗಿಡ ಉಳಿಯಿತು. ಬೇಲಿಯಾಚೆ ನಿನ್ನ ಸ್ವಂತ ಅಕ್ಕ ನಿಂತಿದ್ದಳು. "ಭೂಮಿಗೆ ಗಾಯ ಮಾಡಿದೆಯಲ್ಲ, ನಿನಗೆ ಎಂತ ಹೇಳುವುದು?" ಎಂದಳು ದೊಡ್ಡಮ್ಮ. ಅಂದಿನಿಂದ ಅವಳ ಹಸು ಕಂದು ಹಾಕಿದರೂ ನಿನ್ನ ಹೆಸರು, ಯಾರಿಗೆ ಜ್ವರ ಬಂದರೂ ನಿನ್ನ ಹೆಸರು.

ನನ್ನ ಮದುವೆಯ ಬೆಳಿಗ್ಗೆ ನೀನು ಅದೇ ಗಿಡಗಳ ಹೂವನ್ನು ಬಾಳೆನಾರಿನಲ್ಲಿ ಕಟ್ಟಿ ತಂದೆ. "ಮದುಮಗಳ ತಲೆಗೆ ಆ ಕೈಯ ಹೂ ಬೇಡ" ಎಂದು ಅವಳು ಎಲ್ಲರೆದುರು ಕಿತ್ತುಕೊಂಡಳು. ನೀನು ಅಡಿಗೆಮನೆಗೆ ಹೋದೆ. ಆಮೇಲೆ ಬದುಕಿದ್ದಷ್ಟು ದಿನವೂ ಯಾರ ಶುಭಕಾರ್ಯದಲ್ಲೂ ನೀನು ಹೂ ಮುಟ್ಟಲಿಲ್ಲ. ಆ ದಿನ ಹೊಟ್ಟೆಯೊಳಗೆ ಕೂತ ಸಿಟ್ಟು ಇನ್ನೂ ಎದ್ದಿಲ್ಲ ಅಮ್ಮ.

ಈಗ ಕೇಳು. ನಿನ್ನ ಕಣಿಯನ್ನು ನಾನು ಕೆಡ್ಡಸಕ್ಕೆ ಮೊದಲೇ ಕೆಸರು ತೆಗೆದು ಬಿಡಿಸಿಟ್ಟಿದ್ದೆ. ನಮ್ಮಲ್ಲಿ ಒಂದು ಮೊಗ್ಗೂ ಉದುರಲಿಲ್ಲ. ದೊಡ್ಡಮ್ಮನ ಹಿತ್ತಿಲಲ್ಲಿ ಮೊಣಕಾಲುದ್ದ ನೀರು. ಹಂಚಿನ ಕಾರ್ಖಾನೆ ಕೂಗುವ ಹೊತ್ತಿಗೆ ಬೇಲಿಗೆ ಬಂದಳು. "ನಿನ್ನ ಗಂಡನಿಗೆ ಹೇಳಿ ಒಂದು ಕಣಿ ತೋಡಿಸು ಮಾರಾಯ್ತಿ. ಮಲ್ಲಿಗೆ ಕೊಳೀತದೆ."

"ಭೂಮಿಗೆ ಗಾಯ ಆಗ್ತದಲ್ಲ ದೊಡ್ಡಮ್ಮ. ನಿಮ್ಮ ಹಟ್ಟಿಯಲ್ಲಿ ಗಬ್ಬದ ಹಸು ಬೇರೆ ಉಂಟು" ಎಂದೆ. ಅವಳ ಮುಖ ನೀನು ನೋಡಬೇಕಿತ್ತು...

ಕೆಡ್ಡಸ ಮುಗಿಯಿತು. ತುಳಸಿಕಟ್ಟೆಯ ಮುಂದೆ ಭೂಮಿಗೆ ಮೀಯಲು ಎಣ್ಣೆ, ಸೀಗೆ, ಅರಿಶಿನ ಇಟ್ಟು, ನಿನ್ನ ಹಾರೆ ಹಿಡಿದು ನಾನೇ ಅವಳ ಹಿತ್ತಿಲಿಗೆ ಹೋದೆ. "ಇವತ್ತು ದೋಷ ಇಲ್ಲ" ಎಂದು ಕಣಿ ತೋಡಿಕೊಟ್ಟೆ. ನೀರು ಇಳಿದಾಗ ಎಲೆಗಳೆಲ್ಲ ಹಳದಿಯಾಗಿದ್ದವು, ಮೊಗ್ಗು ಕೆಸರಿನಲ್ಲಿ ಕಪ್ಪಾಗಿ ಬಿದ್ದಿತ್ತು. ಮಾಡಿದ್ದುಣ್ಣೋ ಮಹರಾಯ. ಪಾಪ ಅನಿಸಲಿಲ್ಲವೇ ಎಂದು ಕೇಳುತ್ತೀಯಾ? ಇಲ್ಲ. ಹಾಯೆನಿಸಿತು.

ಹೋದ ತಿಂಗಳು ಅವಳು ಬಂದು ನಿನ್ನ ಗಿಡದ ಒಂದು ಗೆಲ್ಲು ಕೇಳಿದಳು. "ಕೊಡ್ತೇನೆ. 'ನನ್ನ ತಂಗಿ ತಪ್ಪು ಮಾಡಲಿಲ್ಲ' ಅಂತ ನಾಲ್ಕು ಜನರೆದುರು ಹೇಳಿ" ಎಂದೆ. ತುಟಿ ಬಿಗಿದುಕೊಂಡು ಹೊರಟುಹೋದಳು.

ಗೆಲ್ಲನ್ನು ಅಂದೇ ಕಡಿದು ತೆಂಗಿನ ಗೆರಟೆಯಲ್ಲಿ ನೆಟ್ಟಿದ್ದೇನೆ. ಬೇಲಿಯ ಈಚೆಗಿದೆ, ಅವಳ ಕಣ್ಣಿಗೆ ಕಾಣುವ ಹಾಗೆ, ಕೈಗೆ ಎಟುಕದ ಹಾಗೆ. ಅವಳು ಬಾಯಿ ಬಿಡುವವರೆಗೆ ಅದು ಅಲ್ಲೇ ಇರುತ್ತದೆ. ಇವತ್ತು ಅದು ಚಿಗುರಿದೆ ಅಮ್ಮ.

ನಿನ್ನ ಮಗಳು