ಗೂಳಿ ಕದ್ದವಳಿಗೆ ಪಿಸ್ತೂಲಿಲ್ಲ

ಮಾರ್ಚ್ ೧೪, ೨೦೧೪, ಶುಕ್ರವಾರ, ರಾತ್ರಿ

ಟೆಕ್ಸಾಸ್ ಸೀಮೆಯ ಸಮಸ್ತ ಪ್ರಜೆಗಳಿಗೆ ತಿಳಿಯಪಡಿಸುವುದೇನೆಂದರೆ, ನಾನು ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡಲು ಯೋಗ್ಯಳಲ್ಲ. ನನ್ನ ಘನಘೋರ ಪಾತಕ: ಮೂರು ವರ್ಷದ ಹಿಂದೆ ದನದ ಮಾಂಸ ಸುಟ್ಟು ಬಡಿಸುವ ಸ್ಟೇಕ್ ಹೋಟೆಲಿನ ಛಾವಣಿಯಿಂದ ಫೈಬರ್ ಗೂಳಿಯನ್ನು ಕದ್ದಿಳಿಸಿ, ಟೈ ಕಟ್ಟಿ, ಕೋರ್ಟಿನ ಮೆಟ್ಟಿಲ ಮೇಲೆ ನಿಲ್ಲಿಸಿದ್ದು. ತೀರ್ಪು ಮುಂದೂಡುತ್ತೇನೆ, ಒಂದು ವರ್ಷ ಸರಿಯಾಗಿ ನಡೆದುಕೊಂಡರೆ ನೀನು ಅಪರಾಧಿಯೇ ಅಲ್ಲ ಎಂದಿದ್ದರು ಜಡ್ಜ್ ಸಾಹೇಬರು. ನಡೆದುಕೊಂಡೆ. ನಂಬಿಯೂ ಬಿಟ್ಟೆ.

ಇವತ್ತು ಪಿಸ್ತೂಲು ಲೈಸೆನ್ಸಿನ ತರಗತಿಯಲ್ಲಿ ನನ್ನ ಗುರಿ ಒಂದೂ ತಪ್ಪಲಿಲ್ಲ. ಆ ಜಂಬದಲ್ಲಿ, ಕಲಿಸುವ ಮುದುಕ ಹಾರ್ಲನ್‌ಗೆ ಗೂಳಿಯ ಕತೆ ಹೇಳಿದೆ. ಅವರು ನಗಲಿಲ್ಲ.

“ನೋಡಮ್ಮ, ತೀರ್ಪು ಮುಂದೂಡಿದ್ರೆ ನೌಕರಿ ಕೇಳುವಾಗ ಅಪರಾಧಿ ಅಲ್ಲ ಅನ್ನಬಹುದು. ಲೈಸೆನ್ಸಿಗೆ ಅದೂ ಶಿಕ್ಷೆ ಆದ ಲೆಕ್ಕಾನೇ. ಐದು ವರ್ಷ ತುಂಬಲಿ, ಬಾ.”

“ನನ್ನ ಗಂಡ ಆಗಿದ್ದೋನು ಮಂಗಳವಾರ ಜೈಲಿಂದ ಬರ್ತಾನೆ, ಸರ್. ಬಂದು ಮುಗಿಸ್ತೀನಿ ಅಂತ ಹೇಳಿ ಕಳ್ಸಿದಾನೆ. ಇನ್ನೆರಡು ವರ್ಷ ತಡಿಯಪ್ಪಾ ಡ್ವೇನ್ ಅಂತ ಕೇಳ್ಕೊಳ್ಲಾ?”

ಮುದುಕ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದರು. “ಮನೇಲಿ ಇಟ್ಕೋಬಹುದು. ಕಾರಲ್ಲೂ ಇಟ್ಕೋಬಹುದು. ಸಿಗಿಸ್ಕೊಂಡು ಹೊರಗೆ ನಡೆಯೋ ಹಾಗಿಲ್ಲ, ಅಷ್ಟೇ.”

ಅಷ್ಟೇ. ನಾನು ಬಡಿಸುವ ಡೈನರ್ ಹೋಟೆಲಿನ ಹಿಂಬಾಗಿಲಿಗೆ ಬೀಗ ಹಾಕಿ, ಕಾರಿನವರೆಗೆ ಮಾತ್ರ ಕತ್ತಲಲ್ಲಿ ಬರಿಗೈಯಲ್ಲಿ ನಡೆಯಬೇಕು. ಡ್ವೇನ್ ನನ್ನ ದವಡೆ ಮುರಿದದ್ದು ಅಲ್ಲೇ.

ಬುಧವಾರ ಬಾಗಿಲು ಮುಚ್ಚುವ ಪಾಳಿ ನನ್ನದು. ಬದಲಿಗೆ ನೀನು ಬಾರೇ ಎಂದು ಜೊತೆಗೆ ಬಡಿಸುವ ರೋಸಲಿಂಡಳನ್ನು ಕೇಳಬಹುದಿತ್ತು. ಆದರೆ ಅವಳದೂ ಇಷ್ಟೇ ಎತ್ತರ, ಇದೇ ಕೆಂಪು ಕೂದಲು, ಕತ್ತಲಲ್ಲಿ ಹಿಂದಿನಿಂದ ನೋಡಿದರೆ ಡ್ವೇನ್‌ಗೆ ಅವಳೂ ನಾನೇ. ಕೇಳಲಿಲ್ಲ.