ಈಸ್ಲೇವುರ್ ಹೆಸರು ಕೇಳಿದ ಮಧ್ಯಾಹ್ನ

ಹೂಸಾವಿಕ್,
೧೫ ಜುಲೈ ೧೯೭೪

ಪ್ರೀತಿಯ ಸ್ಟೇನಾರ್,

ಹೇಗಿದ್ದೀಯ? ಬಲೆಯ ಹಗ್ಗ ಉಜ್ಜಿ ಆದ ಕೈಗಾಯ ಒಣಗಿತೇ? ಹೆರಿಂಗ್ ಮೀನು ಇಳಿಸಲು ಡೆನ್ಮಾರ್ಕಿನ ಬಂದರಿಗೆ ಬಂದಾಗಲಾದರೂ ಹೊಟ್ಟೆ ತುಂಬ ಉಣ್ಣು, ಬರೀ ಕಾಫಿ ಕುಡಿದುಕೊಂಡು ತಿರುಗಬೇಡ. ನಾನು ಚೆನ್ನಾಗಿದ್ದೇನೆ. ಒಳಗಿರುವ ಮಹಾಶಯ ಸರಿಯಾಗಿ ನಾನು ಮಲಗುವ ಹೊತ್ತಿಗೇ ಒದೆಯಲು ಶುರುಮಾಡುತ್ತಾನೆ. ಗಂಡೇ ಎಂದು ಅತ್ತೆ ತೀರ್ಮಾನಿಸಿಬಿಟ್ಟಿದ್ದಾರೆ, ನನ್ನನ್ನು ಯಾರು ಕೇಳುತ್ತಾರೆ! ಬೆಳಿಗ್ಗೆ ನಾನು ಕಣ್ಣು ಬಿಡುವ ಮೊದಲೇ ಬಾಗಿಲಲ್ಲಿ ನಿಂತು, "ಕನಸಲ್ಲಿ ಯಾರಾದ್ರೂ ಬಂದಿದ್ರಾ ಮಗಳೇ?" ಎನ್ನುತ್ತಾರೆ. ಯಾರು ಎಂದು ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಸತ್ತವರು ಬಸುರಿಯ ಕನಸಿಗೆ ಬಂದು ತಮ್ಮ ಹೆಸರಿಡು ಎಂದು ಕೇಳುವುದು ನಮ್ಮಲ್ಲಿ ಇದ್ದದ್ದೇ. ನಿನ್ನ ತಮ್ಮ ಈಸ್ಲೇವುರ್ ಕಡಲಲ್ಲಿ ಮುಳುಗಿ ಏಳು ವರ್ಷವಾಯಿತು, ದೇಹವೂ ಸಿಗಲಿಲ್ಲ, ಯಾರ ಕನಸಿಗೂ ಬರಲಿಲ್ಲ ಎಂಬ ಕೊರಗು ಅವರಿಗೆ. ಹೊರಡುವಾಗ ನೀನು ಹೇಳಿದ್ದನ್ನು ನಾನು ಮರೆತಿಲ್ಲ: "ಮುಳುಗಿದವನ ಹೆಸರು ನನ್ ಮಗೂಗೆ ಬೇಡ. ಅವನೇ ಬಂದು ಕೇಳಿದ್ರೆ ಬೇರೆ ಮಾತು."

ನಿನ್ನೆ ಭಾನುವಾರ ಅತ್ತೆ ನನ್ನನ್ನು ಮೀವಾತ್ನ್ ಸರೋವರದ ಬಿಸಿನೆಲ ನೋಡಲು ಕರೆದುಕೊಂಡು ಹೋದರು. ಬಸ್ಸಿನ ಡ್ರೈವರ್ ನನ್ನನ್ನು ನೋಡಿ, "ನಿಮಗೆ ಎರಡು ಸೀಟು ಬೇಕಲ್ಲಮ್ಮಾ!" ಎಂದ. ಅತ್ತೆ ಬಿಡುತ್ತಾರೆಯೇ? "ನಿನ್ ಹೊಟ್ಟೇನೇ ಹೊತ್ಕೊಂಡು ಹೋಗೋ ಬಸ್ಸಿಗೆ ಇವಳೇನು ಭಾರಾನಾ? ಸುಮ್ನೆ ಓಡ್ಸಪ್ಪ" ಎಂದರು. ಅಲ್ಲಿ ಈಗ ಸುತ್ತಲೂ ಹಗ್ಗ ಕಟ್ಟಿದ್ದಾರೆ. ಹಗ್ಗದಾಚೆ ಬೂದುಬಣ್ಣದ ಕೆಸರು ಗಂಜಿಯ ಹಾಗೆ ಕೊತಕೊತ ಕುದಿಯುತ್ತಿತ್ತು. ಪ್ರವಾಸಿಗಳು ಗಂಧಕದ ವಾಸನೆಗೆ ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದರು. "ನಾತ ಆಗಲ್ಲ ಅಂದ್ರೆ ಮನೇಲಿರ್ಬೇಕಪ್ಪ" ಎಂದು ಅತ್ತೆ ಎಲ್ಲರಿಗೂ ಕೇಳುವಂತೆ ಹೇಳಿದರು. ಪುಣ್ಯಕ್ಕೆ ಅವರಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ.

ಸರೋವರದ ಪಕ್ಕದಲ್ಲೇ ಇರುವ ನಿನ್ನ ದೊಡ್ಡಮ್ಮ ಹಿಂದಿನ ದಿನವೇ ರೈ ಧಾನ್ಯದ ಹಿಟ್ಟು ಕಲಸಿ, ಡಬ್ಬಿಗೆ ತುಂಬಿ, ಆ ಕಾವಿನಲ್ಲೇ ಬೇಯಲೆಂದು ಬಿಸಿನೆಲದಲ್ಲಿ ಹೂತಿಟ್ಟಿದ್ದರು. ಅತ್ತೆ ಅದನ್ನು ಅಗೆದು ತೆಗೆದರು. ಕಪ್ಪಗೆ, ಸಿಹಿಯಾಗಿ, ಕೈ ಸುಡುವಷ್ಟು ಬಿಸಿಯಾಗಿದ್ದ ರೊಟ್ಟಿಗೆ ಬೆಣ್ಣೆ ಹಚ್ಚಿ, ಹೊಗೆಯಲ್ಲಿ ಒಣಗಿಸಿದ ಮೀನಿನ ಜೊತೆ ಎಷ್ಟು ತಿಂದೆನೋ, ಹೇಳಲು ನಾಚಿಕೆ. ಆಮೇಲೆ ಕೋಟನ್ನು ತಲೆದಿಂಬು ಮಾಡಿಕೊಂಡು ಅಲ್ಲೇ ಬೆಚ್ಚನೆಯ ಮಣ್ಣಿನ ಮೇಲೆ ಮಲಗಿದೆ. ಕೆಳಗಿನಿಂದ ಕಾವು ಬೆನ್ನಿಗೆ ಹತ್ತುತ್ತಿತ್ತು. ಆವಿ ತೇಲಿ ಬಂದು ಬೆಟ್ಟ ಹೋಯಿತು, ಸರೋವರ ಹೋಯಿತು, ಜನರ ಮಾತು ಎಲ್ಲೋ ದೂರದಲ್ಲಿ ಉಳಿಯಿತು. ನೀನು ಪಕ್ಕದಲ್ಲಿದ್ದಿದ್ದರೆ ಎಂದುಕೊಂಡೆ. ಹಾಗೇ ಕಣ್ಣು ಮುಚ್ಚಿತು.

ಕಣ್ಣು ಬಿಟ್ಟಾಗ ಅತ್ತೆ ನನ್ನ ಮೇಲೆ ಬಾಗಿದ್ದರು. "ಯಾರಾದ್ರೂ ಬಂದಿದ್ರಾ?" ನಾನು ಹೂಂ ಎಂದೆ. ಈಸ್ಲೇವುರ್ ಆವಿಯೊಳಗಿಂದ ಸಿಳ್ಳೆ ಹಾಕುತ್ತಾ ನಡೆದು ಬಂದ. ನನ್ನ ಪಕ್ಕ ಕೂತು, "ನನ್ ಹೆಸ್ರು ಸುಮ್ನೆ ಬಿದ್ದಿದೆ ಅತ್ತಿಗೆ, ನಿಮ್ ಮಗೂಗೆ ಇಡ್ತೀರಾ?" ಎಂದ. ಹೀಗೆ ಹೇಳಿದೆ. ಅತ್ತೆ ಕೇಳಿದ್ದು ಒಂದೇ ಮಾತು: "ಬಟ್ಟೆ ಒದ್ದೆಯಾಗಿತ್ತಾ?" ಮುಳುಗಿದವರು ನೀರು ತೊಟ್ಟಿಕ್ಕಿಸಿಕೊಂಡೇ ಬರುತ್ತಾರಲ್ಲ. ಇಲ್ಲ, ಕೂದಲೂ ಒಣಗಿತ್ತು, ಬೆಚ್ಚಗಿದ್ದ ಎಂದೆ. ಅವರು ನನ್ನ ಪಕ್ಕ ಕೂತು ಬಹಳ ಹೊತ್ತು ನೆಲವನ್ನು ಅಂಗೈಯಿಂದ ಸವರುತ್ತಿದ್ದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಡ್ರೈವರನಿಗೂ ಒಂದು ತುಂಡು ರೊಟ್ಟಿ ಕೊಟ್ಟರು.

ದೇವರು ನಿನ್ನನ್ನೂ ದೋಣಿಯಲ್ಲಿರುವ ಎಲ್ಲರನ್ನೂ ಕಾಯಲಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ.

ನಿನ್ನ,
ಉನ್ನುರ್

ತಾ.ಕ.: ಇಲ್ಲಿಯವರೆಗಿನದನ್ನು ಅತ್ತೆ ಓದಿಸಿಕೊಂಡು ಕೇಳಿದರು. ಈಗ ಅಂಚೆಚೀಟಿ ತರಲು ಪಕ್ಕದ ಮನೆಗೆ ಹೋಗಿದ್ದಾರೆ. ಯಾರೂ ಬಂದಿರಲಿಲ್ಲ, ಸ್ಟೇನಾರ್. ನನಗೆ ಕನಸೇ ಬೀಳಲಿಲ್ಲ. ಅವರ ಮುಖ ಅಷ್ಟು ಹತ್ತಿರವಿತ್ತು, ಇಲ್ಲ ಎನ್ನಲು ಬಾಯಿ ಬರಲಿಲ್ಲ. ನಿನಗೆ ಸುಳ್ಳು ಹೇಳಿ ಆ ಹೆಸರು ಇಡಿಸಲು ನನಗಿಷ್ಟವಿಲ್ಲ. ಬೇಡವೆಂದರೆ ಬೇಡ, ಅವರಿಗೆ ನಾನೇ ನಿಜ ಹೇಳುತ್ತೇನೆ. ಆದರೆ ಇಷ್ಟು ವರ್ಷ ಯಾರಿಗೂ ಮುಟ್ಟಲು ಬಿಡದಿದ್ದ ಅವನ ಸ್ವೆಟರನ್ನು ಅತ್ತೆ ಇವತ್ತು ತಾವೇ ಬಿಚ್ಚಿ, ನೂಲು ಸುತ್ತಿ, ಮಗುವಿಗೆ ಕಾಲುಚೀಲ ಹೆಣೆಯಲು ಶುರುಮಾಡಿದ್ದಾರೆ. ಬೇಗ ಬರೆ. ಒಂದು ಕಾಲಿನದು ಆಗಲೇ ಮುಗಿಯುತ್ತ ಬಂದಿದೆ.