ಬೂಟಿನ ದಾರ

ಅಲಬಾಮ, ಗುರುವಾರ

ಅವ್ವಾ,

ಪತ್ರಿಕೆಯಲ್ಲಿ ಬಂದ, ಮಂಡಿಯೂರಿದ ನನ್ನ ಫೋಟೊವನ್ನು ಗೋಡೆಯಿಂದ ಇಳಿಸು. ಪೊಲೀಸರು ನಮ್ಮ ಕರಿಯರ ಹುಡುಗನನ್ನು ಕೊಂದದ್ದನ್ನು ಪ್ರತಿಭಟಿಸಿ, ರಾಷ್ಟ್ರಗೀತೆಯ ಹೊತ್ತಿಗೆ ನಾವು ಐವರು ಆಟಗಾರರು ಮಂಡಿಯೂರಿದ್ದು ನಿಜ. ಮರುದಿನ ಕಾಲೇಜು ಒಬ್ಬೊಬ್ಬರನ್ನೇ ಕರೆಸಿತು. ಕೊಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಯಾಕೋ ಮಂಡಿ ಊರ್ದೆ?" ಅಂದರು ಕೋಚ್.

"ಬೂಟಿನ ದಾರ ಬಿಚ್ಚಿತ್ತು, ಸರ್."

"ಜಾಣ ಮರಿ!" ಎಂದು ನಕ್ಕು ಬೆನ್ನು ತಟ್ಟಿದರು.

ನಿಜ ಹೇಳಿದ ನಾಲ್ವರನ್ನೂ ತಂಡದಿಂದ ಕಿತ್ತುಹಾಕಿದರು. ಹೊರಡುವಾಗ ಅವರಲ್ಲೊಬ್ಬ, ಡೆಲ್‌ರಾಯ್, ನನ್ನ ಕಾಲು ನೋಡಿ, "ಗಂಟು ಗಟ್ಟಿ ಆಯ್ತೇನೋ ತಮ್ಮಾ?" ಅಂದ. ನನಗೆ ತಲೆ ಎತ್ತಲಾಗಲಿಲ್ಲ.

ಶನಿವಾರ ರಾಷ್ಟ್ರಗೀತೆಗೆ ಬರಿಗಾಲಲ್ಲಿ ಮಂಡಿಯೂರುತ್ತೇನೆ. ಭಾನುವಾರ ಬಸ್ ನಿಲ್ದಾಣಕ್ಕೆ ಚಿಕ್ಕಪ್ಪನನ್ನು ಕಳಿಸು, ಸಾಮಾನು ಬಹಳ ಇರುತ್ತದೆ.

ಫೋಟೊ ಮಾತ್ರ ಬಿಸಾಡಬೇಡ.

ನಿನ್ನ ಮಗ,
ಲೂಷಿಯಸ್